ನೆಲಕ್ಕಿಳಿದ ಹೊಸ್ತಿಲು

ಆ ಹುಡುಗಿಯ ನೀರಿನ ಬಾಟ್ಲಿ ಬೆಳಗ್ಗೆ ಶಾಲೆಗೆ ಹೇಗೆ ಬರುತ್ತಿತ್ತೋ ಸಂಜೆ ಹಾಗೇ ಮನೆಗೆ ಹೋಗುತ್ತಿತ್ತು. ಮುಚ್ಚಳ ಕೂಡ ತೆಗೆದಿರುತ್ತಿರಲಿಲ್ಲ. ಓದುತ್ತಿದ್ದದ್ದು ಏಳನೇ ಕ್ಲಾಸು. ಬಾಯಿ ತೆಗೆದರೆ ಮೇಷ್ಟ್ರುಗಳೇ ಸುಮ್ಮನಾಗಬೇಕು, ಅಂಥ ಮಾತುಗಾತಿ. ವೀಲ್‌ಚೇರಿನಲ್ಲಿ ಕೂತೇ ಇಡೀ ಕ್ಲಾಸನ್ನು ಆಳುತ್ತಿದ್ದಳು. ಆದರೆ ಶಾಲೆಯಲ್ಲಿ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ.

ಅವಳನ್ನು ನಾನು ಮೊದಲು ನೋಡಿದ್ದು ಶಾಲೆಯಲ್ಲಲ್ಲ, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ. ನಾನು ಓದಿದ್ದು ಫಿಸಿಯೋಥೆರಪಿ. ಆಗ ಒಂದು ಸಣ್ಣ ಸಂಶೋಧನಾ ತಂಡದಲ್ಲಿದ್ದೆ. ದೊಡ್ಡಬಳ್ಳಾಪುರ, ಹೊಸಕೋಟೆ ಸುತ್ತಿನ ಹಳ್ಳಿಗಳಲ್ಲಿ ಅಂಗವೈಕಲ್ಯ ಇರುವ ಮಕ್ಕಳು ಶಾಲೆಗೇನೋ ಸೇರುತ್ತಾರೆ, ಮೇಲಿನ ಕ್ಲಾಸಿಗೆ ಬರುವ ಹೊತ್ತಿಗೆ ಬಿಟ್ಟುಬಿಡುತ್ತಾರೆ. ಯಾಕೆ ಅನ್ನುವುದು ನಮ್ಮ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಶಾಲೆ, ಆಸ್ಪತ್ರೆ, ಪಂಚಾಯಿತಿ ಅಂತ ಅಲೆಯುತ್ತಿದ್ದೆ.

ಮೂತ್ರದ ಸೋಂಕಾಗಿ ಜ್ವರ ಬಂದು ಹುಡುಗಿ ಮಲಗಿದ್ದಳು. ಮೊದಲ ಸಲವೇನಲ್ಲ. ಡಾಕ್ಟರು ತಾಳ್ಮೆಯಿಂದ ತಾಯಿಗೆ ಹೇಳಿದರು: "ನೋಡಮ್ಮಾ, ನೀರು ಚೆನ್ನಾಗಿ ಕುಡಿಸಬೇಕು. ಒಂದಕ್ಕೆ ಬಂದಾಗ ತಡ್ಕೊಳ್ಳೋಕೆ ಬಿಡಬಾರದು. ಇಲ್ಲದಿದ್ರೆ ಕಿಡ್ನಿಗೆ ತೊಂದರೆ ಆಗುತ್ತೆ." ತಾಯಿ ತಲೆಯಾಡಿಸಿದರು. ಡಾಕ್ಟರು ಮುಂದಿನ ಮಂಚಕ್ಕೆ ಹೋದದ್ದೇ ತಡ, ಹುಡುಗಿ ನನ್ನ ಕಡೆ ತಿರುಗಿದಳು.

"ಅಕ್ಕ, ನೀವಾದ್ರೂ ಡಾಕ್ಟ್ರಿಗೆ ಹೇಳಿ. ಸ್ಕೂಲಲ್ಲಿ ನೀರ್ ಕುಡಿದ್ರೆ ಆಮೇಲೆ ಏನ್ ಮಾಡ್ಲಿ ಅಂತ."

ಡಾಕ್ಟರು ಹೇಳಿದ್ದು ಸರಿ. ಮಧುರೆ ಹೋಬಳಿಯ ಅವಳ ಶಾಲೆಗೆ ಹೋಗಿ ಕೇಳಿದರೆ ಹೆಡ್ ಮಿಸ್ಸು, "ಹುಡುಗಿ ದಿನಾ ಬರ್ತಾಳೆ, ಚೆನ್ನಾಗಿ ಓದ್ತಾಳೆ" ಅಂದರು. ಅದೂ ಸರಿ. ಪಂಚಾಯಿತಿಯಲ್ಲಿ, "ಆ ಶಾಲೆಗೆ ಶೌಚಾಲಯ ಇದೆಯಲ್ಲ" ಅಂದರು. ಅದೂ ಸರಿಯೇ. ಹೋಗಿ ನೋಡಿದೆ. ಎರಡು ಮೆಟ್ಟಿಲು ಹತ್ತಬೇಕು, ಬಾಗಿಲು ಒಬ್ಬರು ಪಕ್ಕಕ್ಕೆ ತಿರುಗಿ ನುಸುಳುವಷ್ಟು ಅಗಲ, ಒಳಗೆ ಕುಕ್ಕರಗಾಲಲ್ಲಿ ಕೂರುವ ಪ್ಯಾನು. ಎಲ್ಲರೂ ಸರಿ ಇದ್ದರು, ಈ ಹುಡುಗಿ ಮಾತ್ರ ಬಾಯಾರಿಕೊಂಡು ಕೂತಿದ್ದಳು. ನನಗೆ ಮೈಯೆಲ್ಲಾ ಉರಿದುಹೋಯಿತು.

ತಾಯಿ ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು. ಅಪ್ಪ ಲಾರಿ ಡ್ರೈವರು, ಮನೆಯಲ್ಲಿರುವುದಕ್ಕಿಂತ ರಸ್ತೆ ಮೇಲಿರುವುದೇ ಹೆಚ್ಚು. ಮೊದಲೆಲ್ಲ ಹುಡುಗಿಗೆ ತಡೆಯೋಕಾಗದಿದ್ದಾಗ ಶಾಲೆಯಿಂದ ತಾಯಿಗೆ ಫೋನ್ ಹೋಗುತ್ತಿತ್ತು. ಅವರು ಪರ್ಮಿಷನ್ ಹಾಕಿ, ಸಿಕ್ಕ ಗಾಡಿ ಹತ್ತಿ ಬಂದು, ಮಗಳನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ಹೀಗೇ ಆಗಿ ಆಗಿ ಸೂಪರ್‌ವೈಸರ್ ಮುಖಕ್ಕೆ ಹೇಳಿಬಿಟ್ಟಿದ್ದ: ಇನ್ನೊಂದು ಸಲ ಮಧ್ಯದಲ್ಲಿ ಎದ್ದು ಹೋದರೆ ವಾಪಸ್ ಬರುವುದೇ ಬೇಡ ಅಂತ. ಆ ಮಾತು ಹುಡುಗಿಯ ಕಿವಿಗೆ ಬಿದ್ದ ದಿನದಿಂದ ಅವಳು ಬಾಟ್ಲಿ ಮುಟ್ಟುವುದನ್ನು ಬಿಟ್ಟಳು. ಯಾರೂ ಹೇಳಿಕೊಟ್ಟಿದ್ದಲ್ಲ, ಅವಳೇ ಕಂಡುಕೊಂಡ ದಾರಿ.

"ಸಾಕು ಮೇಡಂ," ಅಂದರು ತಾಯಿ, ವಾರ್ಡಿನ ಹೊರಗೆ. "ಇನ್ನು ಸ್ಕೂಲಿಗೆ ಕಳಿಸಲ್ಲ. ಅವಳು ದೊಡ್ಡೋಳಾಗ್ತಾವ್ಳೆ. ನಾಳೆ ದಿನ ಯಾರು ಎತ್ತುತಾರೆ? ಮೇಷ್ಟ್ರು ಎತ್ತಕ್ಕಾಯ್ತದಾ? ಓದು ಬೇಕು, ಇಲ್ಲ ಅನ್ನಲ್ಲ. ಮಗಳ್ನೇ ಕಳ್ಕೊಂಡು ಓದು ಇಟ್ಕೊಂಡು ಏನ್ಮಾಡ್ಲಿ?"

"ಶಾಲೆಯಲ್ಲಿ ಅವಳು ತಾನೇ ಹೋಗಿಬರೋ ಹಾಗೆ ಮಾಡಿದ್ರೆ?"

"ಯಾರೂ ಎತ್ತಬಾರ್ದು?"

"ಯಾರೂ ಎತ್ತಬಾರದು."

ಅವರು ನನ್ನನ್ನು ಅಳೆಯುವ ಹಾಗೆ ನೋಡಿದರು. "ದಸರಾ ರಜ ಮುಗಿಯೋಗಂಟ ನೋಡ್ತೀನಿ," ಅಂದರು. "ಆಮೇಲೆ ನನ್ನ ಕೇಳ್ಬೇಡಿ."

ನಾನು ಮಾತು ಕೊಟ್ಟುಬಿಟ್ಟೆ. ನಮ್ಮ ತಂಡದ ಹಿರಿಯರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಸಿಟ್ಟು ಬಂದಾಗ ಹಾಗೇ ಮಾಡುವುದು. "ನಾವು ನೋಡೋಕೆ ಹೋಗಿರೋದು, ಮಾಡೋಕಲ್ಲ," ಅಂದರು. "ಮಾಡಿ ನೋಡೋದೂ ಸಂಶೋಧನೆನೇ ಅಲ್ವಾ ಸಾರ್?" ಅಂದೆ. ವಾದದಲ್ಲಿ ನನ್ನ ಸೋಲಿಸುವುದು ಸ್ವಲ್ಪ ಕಷ್ಟ. ಅವರು ಒಪ್ಪಿದರು.

ಹೊಸ ಶೌಚಾಲಯ ಕಟ್ಟಿಸುವುದಕ್ಕೆ ಪಂಚಾಯಿತಿಯನ್ನು ಒಪ್ಪಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ನಮ್ಮ ಕಡೆ ನಿಂತರು. ಊರಿನ ದೊಡ್ಡ ರೈತ ಮನೆತನ, ದ್ರಾಕ್ಷಿ ತೋಟ, ಹಸು, ಟ್ರ್ಯಾಕ್ಟರು ಎಲ್ಲಾ ಇರುವವರು. ಅವರ ತಂದೆಯೇ ಹಿಂದೆ ಶಾಲೆಗೆ ಜಾಗ ಬಿಟ್ಟುಕೊಟ್ಟದ್ದಂತೆ. "ನಮ್ಮ ಸ್ಕೂಲಿನ ಮಗು ಕಣಮ್ಮಾ, ಆಗ್ಲೇಬೇಕು" ಅಂತ ಪಂಚಾಯಿತಿಯಲ್ಲಿ ಮೇಜು ಗುದ್ದಿ ಹೇಳಿದರು. ಅವರ ಮೇಲೆ ನನಗೆ ಆಗಲೂ ಗೌರವವಿತ್ತು, ಈಗಲೂ ಇದೆ.

ಇಂಥ ಶೌಚಾಲಯಕ್ಕೆ ಸಿದ್ಧ ಡ್ರಾಯಿಂಗುಗಳಿವೆ. ಆದರೆ ಕಾಗದದ ಮೇಲಿನ ಮಗುವಿಗೂ ನಮ್ಮ ಮಗುವಿಗೂ ವ್ಯತ್ಯಾಸ ಇರುತ್ತದೆ. ಈ ಹುಡುಗಿಗೆ ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಬಲಗೈ ಬಿಗಿದುಕೊಂಡಿದೆ. ಎರಡು ಕಾಲಿಗೂ ಬಲ ಸಾಲದು. ಎಡಗಾಲು ಮಾತ್ರ ಒಂದು ಗಳಿಗೆ ಮೈಭಾರ ಹೊರುತ್ತದೆ. ಎಡಗೈಯಲ್ಲಿ ಗಾಲಿ ತಳ್ಳಿ, ಎಡಗಾಲಲ್ಲಿ ನೆಲ ಎಳೆದುಕೊಂಡು ಕುರ್ಚಿ ಓಡಿಸುತ್ತಾಳೆ. ಅದಕ್ಕೇ ಇಟ್ಟಿಗೆ ಇಳಿಸುವುದಕ್ಕೆ ಮೊದಲು ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಆ ಶೌಚಾಲಯವನ್ನು ಪೂರ್ತಿ ಅಳತೆಗೆ ಬರೆದೆ. ಬೆಂಚುಗಳು ಗೋಡೆಯಾದವು, ಪ್ಲಾಸ್ಟಿಕ್ ಕುರ್ಚಿ ಕಮೋಡಾಯಿತು, ಹಿಡಿದುಕೊಳ್ಳುವ ಕಂಬಿಯ ಜಾಗಕ್ಕೆ ಬೆಂಚಿಗೆ ಒಂದು ಪೈಪು ಕಟ್ಟಿದೆವು.

ಹುಡುಗಿ ರಂಗೋಲಿಯ ಬಾಗಿಲಿಂದ ಒಳಗೆ ಬಂದಳು. ಕುರ್ಚಿ ತಿರುಗಿಸಿದಳು. ಕಂಬಿ ನೋಡಿದಳು. ಡ್ರಾಯಿಂಗಿನ ಪ್ರಕಾರ ಅದು ಬಲಗಡೆ ಇತ್ತು.

"ಅಕ್ಕ, ಇದನ್ನ ಮೂಗಲ್ಲಿ ಹಿಡ್ಕೊಳ್ಲಾ?"

ಬೆಂಚಿನ ಮೇಲೆ ಕೂತಿದ್ದ ಮಕ್ಕಳೆಲ್ಲ ಗೊಳ್ಳೆಂದರು. ನಾನೂ ನಕ್ಕೆ. ಅಲ್ಲೇ ಎಲ್ಲಾ ಅಳಿಸಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು ಬರೆದೆ. ಕಂಬಿ ಎಡಕ್ಕೆ, ನೀರಿನ ನಲ್ಲಿ ಎಡಕ್ಕೆ, ಬಾಗಿಲು ಹೊರಗೆ ತೆರೆಯುವ ಹಾಗೆ. ಅವಳು ಕಂಬಿ ಹಿಡಿದು ಎದ್ದು, ಎಡಗಾಲ ಮೇಲೆ ತಿರುಗಿ, ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಳು. ಮತ್ತೆ ಎದ್ದಳು. ಮತ್ತೆ ಕೂತಳು. ಕಂಬಿ ಎಷ್ಟು ಎತ್ತರಕ್ಕಿದ್ದರೆ ಅವಳ ಭುಜ ನೋಯುವುದಿಲ್ಲ ಅನ್ನುವುದಕ್ಕೇ ಅರ್ಧ ದಿನ ಹಿಡಿಯಿತು. ನೋಡಲು ಬಂದಿದ್ದ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ರಂಗೋಲಿ ಹಾಕಿ ಕಕ್ಕಸ್ ಕಟ್ಟೋದು ನನ್ ಸರ್ವೀಸಲ್ಲೇ ನೋಡಿರ್ಲಿಲ್ಲ ಕಣಮ್ಮಾ" ಅಂದ.

ಕೊನೆಗೆ ಹುಡುಗಿ ಒಂದು ಬೇಡಿಕೆ ಇಟ್ಟಳು. "ಒಳಗಡೆಯಿಂದ ಚಿಲಕ ಬೇಕು."

ನನಗೆ ಅಳುಕಿತ್ತು. ಒಳಗೆ ಬಿದ್ದುಗಿದ್ದರೆ? ಚಿಲಕ ಬೇಡ, ಹೊರಗೆ ಒಬ್ಬರು ನಿಂತಿರಲಿ ಅಂದೆ.

"ನೀವು ಹೋಗುವಾಗ ಹೊರಗಡೆ ಯಾರಾದ್ರೂ ನಿಂತಿರ್ತಾರಾ ಅಕ್ಕ?"

ಸರಿ ಹೋಯ್ತು. ಚಿಲಕ ಬರೆದುಕೊಂಡೆ. ಅವಳ ಎಡಗೈಗೆ ಎಟಕುವ ಎತ್ತರಕ್ಕೆ, ಅಪಾಯವಾದರೆ ಹೊರಗಿನಿಂದಲೂ ತೆಗೆಯಬಹುದಾದ ಚಿಲಕ.

ಕೆಲಸ ಶುರುವಾಯಿತು. ರ‍್ಯಾಂಪು, ಗೋಡೆ, ಕಮೋಡು, ಟೈಲ್ಸು, ಎಲ್ಲಾ ಹೇಳಿದ ಹಾಗೇ ಆಗುತ್ತಾ ಬಂತು. ಮೇಸ್ತ್ರಿಯ ಕೈಕೆಲಸ ಅಚ್ಚುಕಟ್ಟು. ಅಷ್ಟರಲ್ಲಿ ರಜ ಬಂತು. ನಾನು ಹೊಸಕೋಟೆ ಕಡೆ ಜಡಿಗೇನಹಳ್ಳಿ ಹತ್ತಿರ ಇನ್ನೊಂದು ಊರಿನ ಮನೆಗಳನ್ನು ನೋಡಿ ಮುಗಿಸಬೇಕಿತ್ತು, ಅಲ್ಲಿಗೆ ಹೋದೆ. ಮೇಸ್ತ್ರಿ ದಿನಾ ಸಂಜೆ ಮೊಬೈಲಿಗೆ ಫೋಟೋ ಕಳಿಸುತ್ತಿದ್ದ. ಕಂಬಿ ಎಡಗಡೆ, ನಲ್ಲಿ ಎಡಗಡೆ. ನಾನು ಫೋಟೋಗೆ ಹೆಬ್ಬೆರಳು ಕಳಿಸಿ ನಿಶ್ಚಿಂತೆಯಾಗಿ ಮಲಗುತ್ತಿದ್ದೆ. ಬಾಗಿಲು ಮಾತ್ರ ಇನ್ನೂ ಕೂರಿಸಿರಲಿಲ್ಲ.

ಶಾಲೆ ಸೋಮವಾರ ಶುರು. ಅದರ ಹಿಂದಿನ ಶುಕ್ರವಾರ ಪೂಜೆ ಅಂತ ಅಧ್ಯಕ್ಷರು ಫೋನ್ ಮಾಡಿದರು. ಶೌಚಾಲಯಕ್ಕೆ ಪೂಜೆಯಾ ಅಂತ ನಿಮಗೆ ನಗು ಬರಬಹುದು. ನಮ್ಮ ಕಡೆ ಹೊಸ ಬೋರ್‌ವೆಲ್ಲಿಗೂ ಪೂಜೆ, ಹೊಸ ಸ್ಕೂಟರಿಗೂ ಪೂಜೆ. ಇದಕ್ಕೆ ಯಾಕೆ ಬೇಡ? ನಾನೂ ಸೀರೆ ಉಟ್ಟುಕೊಂಡು ಖುಷಿಯಾಗಿ ಹೋದೆ.

ಮಾವಿನ ತೋರಣ, ಚೆಂಡುಹೂವಿನ ಹಾರ, ರ‍್ಯಾಂಪಿನ ಎರಡೂ ಕಡೆ ಬಾಳೆಕಂದು. ಹುಡುಗಿ ಹೊಸ ಲಂಗ ಹಾಕಿಕೊಂಡು ಬಂದಿದ್ದಳು. ತಾಯಿ ರಜ ಹಾಕಿ ಬಂದಿದ್ದರು. ತೆಂಗಿನಕಾಯಿ ಒಡೆದಾಯಿತು. "ಬಾ ಮಗಾ, ನೀನೇ ಮೊದ್ಲು ಹೋಗು" ಅಂದರು ಅಧ್ಯಕ್ಷರು. ಹುಡುಗಿ ಯಾರ ಸಹಾಯವೂ ಇಲ್ಲದೆ ರ‍್ಯಾಂಪು ಹತ್ತಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ಬಾಗಿಲ ಹತ್ತಿರ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಟಕ್ ಅಂತ ನಿಂತವು. ಅವಳು ಹಿಂದಕ್ಕೆ ತಗೊಂಡು ಮತ್ತೆ ಜೋರಾಗಿ ತಳ್ಳಿದಳು. ಮತ್ತೆ ಟಕ್.

ಜನರನ್ನು ಸರಿಸಿ ಮುಂದೆ ಹೋಗಿ ನೋಡಿದೆ. ನಾಲ್ಕು ಬೆರಳೆತ್ತರದ ಕಪ್ಪು ಕಲ್ಲಿನ ಹೊಸ್ತಿಲು. ಫಳಫಳ ಪಾಲಿಶ್, ಅರಿಸಿನ ಬಳಿದು, ಕುಂಕುಮ ಇಟ್ಟು, ಹೂವು ಏರಿಸಿದ್ದರು.

"ಏ, ಎತ್ತಿ ಒಳಗ್ ಬಿಡ್ರೋ," ಅಂದರು ಅಧ್ಯಕ್ಷರು. ಇಬ್ಬರು ಗಂಡಸರು ಕುರ್ಚಿಗೆ ಕೈ ಹಾಕಿದರು.

"ಬೇಡ! ಎತ್ಬೇಡಿ!" ಹುಡುಗಿ ಕಿರುಚಿದಳು. ಅವಳ ದನಿ ಹಾಗೆ ಬಂದದ್ದನ್ನು ನಾನು ಅವತ್ತೇ ಕೇಳಿದ್ದು.

"ಎರಡು ನಿಮಿಷದ ಕೆಲಸ ಕಣವ್ವಾ. ಎತ್ತಿದ್ರೆ ಆಯ್ತಲ್ಲ," ಅಂದರು ಯಾರೋ ಹಿಂದಿನಿಂದ, ಪ್ರೀತಿಯಿಂದಲೇ.

ಅವಳು ಕುರ್ಚಿ ತಿರುಗಿಸಿಕೊಂಡು ರ‍್ಯಾಂಪು ಇಳಿದು ಹೋದಳು. ಮಡಿಲಲ್ಲಿದ್ದ ಹೂವು ಅಲ್ಲೇ ಬಿತ್ತು.

ನಾನು ಮೇಸ್ತ್ರಿಯನ್ನು ಗೋಡೆಯ ಹಿಂದಕ್ಕೆ ಕರೆದೆ. ನನ್ನ ಕೋಪ ನೆತ್ತಿಗೇರಿತ್ತು. "ಹೊಸ್ತಿಲು ಯಾರು ಹಾಕು ಅಂದ್ರು?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಹೊಸ್ತಿಲಿಲ್ದೆ ಬಾಗ್ಲು ಕೂರಿಸೋದು ಹೆಂಗೆ ಮೇಡಂ? ನಿಮ್ ಡ್ರಾಯಿಂಗಲ್ಲಿ ಬಿಟ್ಟೋಗಿತ್ತು. ಮರ್ತಿದ್ದೀರ ಅಂದ್ಕೊಂಡು ನಾನೇ ಸರಿ ಮಾಡ್ದೆ." ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದ: "ನೀರೂ ಆಚೆ ಬರಲ್ಲ."

ಅವನನ್ನು ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಆ ಸೀಮೆಯಲ್ಲಿ ಕೊಟ್ಟಿಗೆಗೂ ಹೊಸ್ತಿಲಿರುತ್ತದೆ. ಹೊಸ್ತಿಲಿಲ್ಲದ ಬಾಗಿಲನ್ನು ಅವನು ಹುಟ್ಟಿದಾರಭ್ಯ ಕೂರಿಸಿಲ್ಲ. ಕಾಗದದಲ್ಲಿ ಇಲ್ಲದಿದ್ದರೆ ಅದು ಓದಿದವರ ಮರೆವು, ಇನ್ನೇನು? ಹೋಗಲಿ ಕಿತ್ತುಬಿಡೋಣ ಅಂದರೆ ಅಲ್ಲಿ ಇನ್ನೊಂದು ಗಂಟಿತ್ತು. ಆ ಕಲ್ಲನ್ನು ಕೊಟ್ಟವರು ಅಧ್ಯಕ್ಷರು, ಅವರ ತಂದೆಯ ನೆನಪಿಗೆ ಅಂತ.

"ಪೂಜೆ ಆಗಿರೋ ಹೊಸ್ತಿಲು ಕೀಳೋದಾ?" ಅವರ ಮುಖ ಕಪ್ಪಿಟ್ಟಿತು. "ಈ ಜಾಗ ಕೊಟ್ಟೋರು ನಮ್ಮಪ್ಪ. ಅವರ ಹೆಸರಲ್ಲಿ ಇಟ್ಟ ಕಲ್ಲು ಮೊದಲ ದಿನವೇ ಕಿತ್ತಾಕಿದ್ರು ಅಂತ ಊರು ಆಡ್ಕೊಳ್ಳಲ್ವೇನಮ್ಮಾ? ಅದರ ಮೇಲೆ ಒಂದು ಹಲಗೆ ಇಡ್ಸಿ. ಕೀಳೋ ಮಾತು ಬೇಡ."

ಕಡ್ಡಿ ಮುರಿದ ಹಾಗೆ ಹೇಳಿ ಹೋದರು.

ಶನಿವಾರ ಹಲಗೆಯನ್ನೂ ನೋಡಿದೆವು. ಮೇಸ್ತ್ರಿ ಹೊಸ್ತಿಲ ಆಚೆ ಈಚೆ ಎರಡು ಕಬ್ಬಿಣದ ತಗಡು ಇಳಿಜಾರಾಗಿ ಇಟ್ಟ. ಹೊರಗಿನ ತಗಡಿಗೆ ಜಾಗ ಇತ್ತು. ಒಳಗಿನದಕ್ಕೆ ಇರಲಿಲ್ಲ, ಚಿಕ್ಕದಾಗಿ ಕಡಿದಾಗಿ ನಿಂತಿತು. ನಾನು ಹುಡುಗಿಯ ಬೆನ್ನ ಹಿಂದೆಯೇ ಇದ್ದೆ, ತಾಯಿ ಪಕ್ಕದಲ್ಲಿ. ಒಂದು ಕೈ, ಒಂದು ಕಾಲು. ಹತ್ತುವಾಗ ಬಾಗಿಲ ಚೌಕಟ್ಟು ಹಿಡಿದುಕೊಳ್ಳಲು ಗಾಲಿ ಬಿಡಬೇಕು, ಗಾಲಿ ಬಿಟ್ಟರೆ ಕುರ್ಚಿ ಹಿಂದಕ್ಕೆ ಜಾರುತ್ತದೆ. ಮೂರನೇ ಸಲ ಹೇಗೋ ಮೇಲೆ ಹತ್ತಿದಳು, ಒಳಗಿನ ತಗಡು ಸರ್ರನೆ ಜಾರಿತು, ಕುರ್ಚಿ ವಾಲಿ ಅವಳ ಮೊಣಕೈ ಚೌಕಟ್ಟಿಗೆ ಉಜ್ಜಿ ರಕ್ತ ಬಂತು. ನಾನು ಹಿಡಿಯದಿದ್ದರೆ ತಲೆಯೇ ಬಡಿಯುತ್ತಿತ್ತು.

ತಾಯಿ ನನ್ನ ಕೈಯಿಂದ ಮಗಳನ್ನು ಕಿತ್ತುಕೊಂಡರು.

"ಬಿಡಿ ಮೇಡಂ! ನಿಮ್ ಪರೀಕ್ಷೆ ಮಾಡಕ್ಕೆ ನನ್ ಮಗ್ಳೇ ಸಿಕ್ಕಿದ್ಲಾ? ರಂಗೋಲಿ ಹಾಕಿದ್ರಿ, ಪೂಜೆ ಮಾಡಿದ್ರಿ, ಚಪ್ಪಾಳೆ ಹೊಡೆದ್ರಿ. ಮುಗೀತಲ್ಲ? ಸೋಮವಾರದಿಂದ ಅವಳು ಮನೇಲಿರ್ತಾಳೆ. ನಾನ್ ಹೇಳಿದ್ ಮಾತು ನಾನ್ ಹೇಳಿದ್ದೇ."

ಹುಡುಗಿ ಅಳಲಿಲ್ಲ. ಅಮ್ಮನ ಭುಜದ ಮೇಲಿನಿಂದ ಆ ಬಾಗಿಲನ್ನು ನೋಡುತ್ತಾ ಹೋದಳು. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ. ರ‍್ಯಾಂಪಿನ ಮೇಲೆ ಕೂತುಬಿಟ್ಟೆ. ತಲೆ ಮೊಸರುಗಡಿಗೆ ಆಗಿತ್ತು.

ಹಿರಿಯರಿಗೆ ಫೋನ್ ಮಾಡಿದೆ. ಅವರು ಎಲ್ಲಾ ಕೇಳಿಸಿಕೊಂಡು, "ಇದು ಬಹಳ ಮುಖ್ಯವಾದ ಸಂಗತಿ," ಅಂದರು. "ಹೊಸ್ತಿಲಿನ ವಿಚಾರ ಯಾವ ಮಾನದಂಡದಲ್ಲೂ ಯೋಚನೆ ಮಾಡಿಲ್ಲ. ಚೆನ್ನಾಗಿ ದಾಖಲು ಮಾಡಿಕೊಳ್ಳಿ. ಮುಂದಿನ ಶಾಲೆಗೆ ಉಪಯೋಗ ಆಗುತ್ತೆ. ಆದರೆ ಊರಿನ ನಂಬಿಕೆ ಜೊತೆ ಜಗಳಕ್ಕೆ ಇಳಿಯೋದು ಬೇಡ."

"ಮುಂದಿನ ಶಾಲೆ ಸರಿ ಸಾರ್. ಈ ಹುಡುಗಿಗೆ?"

ಅವರೂ ಕಲ್ಲಲ್ಲ. "ಜಗಳ ಮಾಡಬೇಡಿ ಅಂದೆ. ಮಾತಾಡಬೇಡಿ ಅನ್ನಲಿಲ್ಲ," ಅಂದರು.

ಅಲ್ಲೇ ಕೂತು ಯೋಚಿಸಿದೆ. ಕೀಳಬಾರದು ಅನ್ನುತ್ತಾರೆ ಅಧ್ಯಕ್ಷರು. ನೀರು ಆಚೆ ಬರಬಾರದು ಅನ್ನುತ್ತಾನೆ ಮೇಸ್ತ್ರಿ. ಎತ್ತಬಾರದು ಅನ್ನುತ್ತಾಳೆ ಹುಡುಗಿ. ಈ ಮೂರರಲ್ಲಿ ಒಂದಾದರೂ ಹೊಸ್ತಿಲು ಎತ್ತರವಾಗಿರಬೇಕು ಅಂತ ಹೇಳುತ್ತಿದೆಯಾ? ಇಲ್ಲ. ಕಲ್ಲು ಅಲ್ಲೇ ಇರಲಿ, ನೆಲದೊಳಕ್ಕೆ ಇಳಿಸೋಣ. ನೀರಿಗೆ ಬೇರೆ ದಾರಿ ಮಾಡೋಣ. ಉಪಾಯ ಹೊಳೆದಾಗ ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕು ಅನಿಸಿತು. ಆದರೆ ಇದನ್ನು ಯಾರ ಹತ್ತಿರ ಹೇಳುವುದು? ಅಧ್ಯಕ್ಷರು ಆಡಿದ ಮಾತನ್ನು ಊರ ಮುಂದೆ ಹಿಂದಕ್ಕೆ ತಗೊಳ್ಳುವವರಲ್ಲ. ಆಗ ಹೊಳೆಯಿತು: ಆ ಮನೆಯ ಹೊಸ್ತಿಲನ್ನು ದಿನಾ ತೊಳೆದು ಅರಿಸಿನ ಹಚ್ಚುವುದು ಅವರೇನು? ಹೊಸ್ತಿಲ ಯಜಮಾನಿಕೆ ಯಾರದೋ ಅವರನ್ನೇ ಕೇಳಬೇಕು.

ಸಂಜೆ ದೀಪದ ಹೊತ್ತಿಗೆ ಅವರ ಮನೆಗೆ ಹೋದೆ. ಅಧ್ಯಕ್ಷರ ಹೆಂಡತಿ ಹೊಸ್ತಿಲ ಪಕ್ಕ ದೀಪ ಇಟ್ಟು, ಮಂಡಿ ಮೇಲೆ ಕೈಯೂರಿ "ಅಯ್ಯಪ್ಪಾ" ಅನ್ನುತ್ತಾ ಏಳುತ್ತಿದ್ದರು. ಗಟ್ಟಿ ಹೆಂಗಸು. ನಿಂತಲ್ಲೇ ತೋಟದ ಆಳುಗಳನ್ನೆಲ್ಲ ಕೆಲಸಕ್ಕೆ ಹಚ್ಚುವವರು. ಅಧ್ಯಕ್ಷರು ಜಗಲಿ ಮೇಲೆ ಕೂತಿದ್ದರು. ನನ್ನ ನೋಡಿ ಮುಖ ಊದಿಸಿಕೊಂಡು ಬೇರೆ ಕಡೆ ತಿರುಗಿದರು.

ನಾನು ನೇರವಾಗಿ ಆಕೆಯನ್ನೇ ಕೇಳಿದೆ. "ಅಮ್ಮ, ನಿಮ್ಮನ್ನೇ ಒಂದು ಮಾತು ಕೇಳೋಣ ಅಂತ ಬಂದೆ. ಹೊಸ್ತಿಲನ್ನ ನೆಲಕ್ಕೆ ಸಮ ಕೂರಿಸಿದ್ರೆ ಅದು ಹೊಸ್ತಿಲು ಅಲ್ವಾ?"

ಆಕೆಗೆ ಎಲ್ಲಾ ಗೊತ್ತಿತ್ತು. ಹುಡುಗಿಯ ಮೊಣಕೈ ಗಾಯದ ಸುದ್ದಿಯೂ ನನಗಿಂತ ಮುಂಚೆ ಬಂದು ತಲುಪಿತ್ತು. ಸೆರಗಲ್ಲಿ ಕೈ ಒರೆಸಿಕೊಂಡು ಯೋಚನೆ ಮಾಡಿದರು. ಉತ್ತರ ಬರುವುದಕ್ಕೆ ಮೊದಲೇ ಅಧ್ಯಕ್ಷರು ಬಾಯಿ ಹಾಕಿದರು: "ಶಾಸ್ತ್ರ ಅಂತ ಒಂದಿರ್ತದಮ್ಮಾ."

"ರಾತ್ರಿ ನಿಮ್ ಗಾಡಿ ಒಳಗೆ ತಳ್ಳುವಾಗ ಹೊಸ್ತಿಲ ಮೇಲೆ ಹಲಗೆ ಹಾಕ್ತೀರಲ್ಲ, ಆಗ ಎಲ್ಲೋಗಿರ್ತದೆ ನಿಮ್ ಶಾಸ್ತ್ರ?" ಅಂದರು ಆಕೆ, ತಿರುಗಿಯೂ ನೋಡದೆ. ಆಮೇಲೆ ನನಗೆ: "ಮದುವೆ ಆಗಿ ಬಂದಾಗಿಂದ ಹೊಸ್ತಿಲು ತೊಳೀತಿರೋಳು ನಾನು. ಅರಿಸಿನ ಕುಂಕುಮ ಹಚ್ಚಕ್ಕೆ ಎತ್ತರ ಏನೂ ಬೇಕಾಗಿಲ್ಲ ಕಣವ್ವಾ. ಹೊಸ್ತಿಲು ಇರೋದು ಲಕ್ಷ್ಮಿ ಒಳಗೆ ಬರ್ಲಿ ಅಂತ. ಆ ಹೆಣ್ಮಗು ಬಾಗ್ಲಿಂದ ವಾಪಸ್ ಹೋಯ್ತಲ್ಲ, ಅದು ಒಳ್ಳೇದಾ? ನಮ್ ಮಾವನೋರು ಇದ್ದಿದ್ರೆ ಒಪ್ತಿದ್ರಾ?"

ಅಧ್ಯಕ್ಷರು ಜಗಲಿಯಿಂದ ಎದ್ದು ಅಂಗಳಕ್ಕೆ ಇಳಿದರು.

"ನಾಳೆ ಬೆಳಗ್ಗೆ ಮೇಸ್ತ್ರಿ ಕೈ ಹಾಕೋಕೆ ಮುಂಚೆ ನಾನೇ ಬರ್ತೀನಿ," ಅಂದರು ಆಕೆ. "ಕೈ ಮುಗಿದು ಕೇಳ್ಕೊಂಡು ಎತ್ತೋಣ. ನನ್ ಮಂಡಿಗೂ ಅಂಥದ್ದೇ ಹೊಸ್ತಿಲು ಒಳ್ಳೇದು, ನೋಡ್ಕೊಂಡು ಇಲ್ಲೂ ಮಾಡಿಸ್ತೀನಿ."

ನಾನು ಗೇಟು ದಾಟುವಾಗ ಅಧ್ಯಕ್ಷರು ಹಿಂದಿನಿಂದ ಕೂಗಿದರು. "ಏನಮ್ಮಾ." ನಿಂತೆ. "ಕಲ್ಲು ಮುಕ್ಕಾಗಬಾರ್ದು." ಅಷ್ಟೇ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಪ್ಪನನ್ನು ನೆನೆಸಿಕೊಂಡ ಮಗನ ದನಿ ಅದು.

ಭಾನುವಾರ ಆಕೆ ಬಂದು, ಕಲ್ಲಿಗೆ ನೀರು ಹಾಕಿ ತೊಳೆದು, ಹೂವಿಟ್ಟು, "ತಪ್ಪು ತಿಳ್ಕೋಬೇಡಪ್ಪಾ, ಕೆಳಗೆ ಇಳಿಸ್ತಿದೀವಿ ಅಷ್ಟೇ" ಅಂತ ಮಾವನಿಗೆ ಹೇಳಿದರೋ ದೇವರಿಗೆ ಹೇಳಿದರೋ ಗೊತ್ತಿಲ್ಲ. ಮೇಸ್ತ್ರಿ ಉಳಿ ಹಿಡಿದ. ಸಿಮೆಂಟು ಕಚ್ಚಿಕೊಂಡಿತ್ತು. "ಕಟ್ಟಿದ್ದನ್ನ ಕೆಡವೋದು ಅಂದ್ರೆ ನಂಗೆ ಕೈ ಬರಲ್ಲ" ಅಂತ ಗೊಣಗುತ್ತಲೇ, ಹಲ್ಲು ಕೀಳುವ ಡಾಕ್ಟರ ಹಾಗೆ ಸುತ್ತ ಸಣ್ಣಸಣ್ಣದಾಗಿ ಬಿಡಿಸಿದ. ಕಲ್ಲು ಇಡಿಯಾಗಿ ಎದ್ದು ಬಂತು. ಮುಕ್ಕಾಗಲಿಲ್ಲ.

ಮುಂದಿನ ಕೆಲಸ ನೀರಿನದು. ಬಾಗಿಲ ಒಳಗಡೆ ಹೊಸ್ತಿಲ ಉದ್ದಕ್ಕೂ ಕೈಯಗಲದ ಕಾಲುವೆ ಕೊರೆದು, ಮೇಲೆ ಉಕ್ಕಿನ ಜಾಲರಿ ಮುಚ್ಚಿ, ಪೈಪನ್ನು ಹೊರಗಿನ ಇಂಗುಗುಂಡಿಗೆ ಸೇರಿಸುವುದು. ಗಾಲಿ ಸಿಕ್ಕಿಕೊಳ್ಳದಷ್ಟು ಸಣ್ಣ ಕಿಂಡಿಯ ಜಾಲರಿಗಾಗಿ ನಾನು ದೊಡ್ಡಬಳ್ಳಾಪುರದ ಹಾರ್ಡ್‌ವೇರ್ ಅಂಗಡಿಯವನನ್ನು ಭಾನುವಾರ ಮನೆಯಿಂದ ಎಬ್ಬಿಸಿ ಬಾಗಿಲು ತೆಗೆಸಿದೆ. ಬೇಗ ಗಟ್ಟಿಯಾಗುವ ಸಿಮೆಂಟೂ ಅಲ್ಲೇ ಸಿಕ್ಕಿತು. ಕಲ್ಲನ್ನು ನೆಲದ ಮಟ್ಟಕ್ಕೆ ಕೂರಿಸಿ, ಒಂದು ಬಕೆಟ್ ನೀರು ಒಳಗೆ ಸುರಿದೆವು. ಅರ್ಧ ನೀರು ಜಾಲರಿಯಲ್ಲಿ ಇಳಿಯಿತು. ಇನ್ನರ್ಧ ಹೊಸ್ತಿಲು ದಾಟಿ ಹೊರಗೆ ಹರಿದು ನನ್ನ ಚಪ್ಪಲಿ ತೋಯಿಸಿತು.

"ನಾನ್ ಹೇಳಿರ್ಲಿಲ್ವಾ?" ಅಂದ ಮೇಸ್ತ್ರಿ, ಹಲ್ಲು ಕಿರಿಯುತ್ತಾ.

"ಹಲ್ಲು ಕಿರಿಯೋದು ಆಮೇಲೆ. ಕಲ್ಲನ್ನೇ ಒಳಗಡೆ ವಾಲಿಸೋಕೆ ಆಗುತ್ತಾ?"

ನೀರು ಹರಿಯಲು ಕೊಡುವ ಇಳಿಜಾರಿಗೆ ಅವರು ವಾಟ ಅನ್ನುತ್ತಾರೆ. ಸಿಮೆಂಟು ಇನ್ನೂ ಹಸಿ ಇತ್ತು. ಅವನು ಕಲ್ಲನ್ನು ಎತ್ತಿ, ಕಣ್ಣಿಗೂ ಕಾಣದಷ್ಟು ವಾಟ ಒಳಮುಖಕ್ಕೆ ಕೊಟ್ಟು ಮತ್ತೆ ಕೂರಿಸಿದ. ಮತ್ತೆ ಬಕೆಟ್ ಸುರಿದೆವು. ನೀರು ಹೊಸ್ತಿಲ ತನಕ ಬಂದು, ಬುದ್ಧಿ ಬಂದವರ ಹಾಗೆ ಹಿಂದಕ್ಕೆ ತಿರುಗಿ ಜಾಲರಿಗೆ ಇಳಿಯಿತು. ಇನ್ನೊಂದು ಬಕೆಟ್. ಆಗಲೂ ಹಾಗೇ. ಮೇಸ್ತ್ರಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಕಲ್ಲು ಭಾರ ತಡೆಯುತ್ತದಾ ಅಂತ ನಾಳೆ ಬೆಳಗ್ಗೆ ಹುಡುಗಿಗಿಂತ ಮೊದಲು ನೀರು ತುಂಬಿದ ಬಿಂದಿಗೆಗಳನ್ನಿಟ್ಟ ತಳ್ಳುಗಾಡಿಯನ್ನು ಹತ್ತಿಸಿ ನೋಡಬೇಕು ಅಂತ ಅವನಿಗೆ ಹೇಳಿ, ಹುಡುಗಿಯ ಮನೆಗೆ ಹೋದೆ.

ತಾಯಿ ಅಡುಗೆ ಮಾಡುತ್ತಿದ್ದರು. ಕೂರಿ ಅನ್ನಲಿಲ್ಲ. ನಾನು ನಿಂತೇ ಹೇಳಿದೆ. ಹೊಸ್ತಿಲು ನೆಲಕ್ಕೆ ಇಳಿದಿದೆ, ನಾಳೆ ನಿಮ್ಮ ಕಂಪನಿ ಬಸ್ಸಿಗೆ ಮುಂಚೆ ಒಂದೇ ಒಂದು ಸಲ ಕರಕೊಂಡು ಬನ್ನಿ, ಆಗಲಿಲ್ಲ ಅಂದರೆ ನಾನು ಮತ್ತೆ ನಿಮ್ಮ ಮನೆ ಮೆಟ್ಟಿಲು ಹತ್ತಲ್ಲ.

"ನೋಡಾಣ," ಅಂದರು, ಒಲೆಯ ಕಡೆ ನೋಡುತ್ತಾ. ಹುಡುಗಿ ಮೂಲೆಯಲ್ಲಿ ಕೂತು ಎಲ್ಲಾ ಕೇಳಿಸಿಕೊಳ್ಳುತ್ತಿದ್ದಳು.

ಸೋಮವಾರ ಬೆಳಗ್ಗೆ ಶಾಲೆಯ ಗೇಟು ತೆಗೆದದ್ದು ನಾನೇ. ಬಿಂದಿಗೆ ಗಾಡಿ ಹತ್ತಿಸಿದೆವು, ಕಲ್ಲು ಅಲುಗಲಿಲ್ಲ. ಆಮೇಲೆ ಅಧ್ಯಕ್ಷರ ಹೆಂಡತಿ ಬಂದು ಅರಿಸಿನ ಕುಂಕುಮ ಇಟ್ಟು ಹೋದರು. ನೆಲದ ಮಟ್ಟದ ಆ ಕಪ್ಪು ಕಲ್ಲು ಚೆನ್ನಾಗಿಯೇ ಕಾಣುತ್ತಿತ್ತು. ಗೇಟಿನ ಕಡೆ ನೋಡುತ್ತಾ ನಿಂತೆ. ಯಾರೂ ಬರಲಿಲ್ಲ. ಬರಲ್ಲ ಬಿಡು ಅಂದುಕೊಳ್ಳುವಷ್ಟರಲ್ಲಿ ಕುರ್ಚಿಯ ಗಾಲಿಯ ಕಿರಿಕಿರಿ ಸದ್ದು ಕೇಳಿಸಿತು.

ತಾಯಿ ಕಂಪನಿಯ ಕಾರ್ಡು ಕೊರಳಿಗೆ ಹಾಕಿಕೊಂಡು, ಊಟದ ಚೀಲ ಹಿಡಿದು ಹಿಂದೆ ಬರುತ್ತಿದ್ದರು. ಹುಡುಗಿ ಮುಂದೆ. ಮುಖ ಬಿಗಿದುಕೊಂಡಿದ್ದಳು. ನನಗೆ ನಮಸ್ತೇನೂ ಹೇಳಲಿಲ್ಲ.

"ಮನೆಯಿಂದ್ಲೇ ಬಾಟ್ಲಿ ಪೂರ್ತಿ ಕುಡ್ಕೊಂಡು ಬಂದಿದೀನಿ. ದಾರಿ ಬಿಡಿ ಅಕ್ಕ, ಬೇಗ!"

ನಾನು ಪಕ್ಕಕ್ಕೆ ಹಾರಿದೆ. ಅವಳು ರ‍್ಯಾಂಪು ಹತ್ತಿದಳು. ಎಡಗೈಯಲ್ಲಿ ಬಾಗಿಲು ಎಳೆದಳು. ಗಾಲಿ ಅರಿಸಿನದ ಮೇಲೆ ಹಾಯ್ದು ಒಳಗೆ ಹೋಯಿತು. ಸದ್ದೇ ಆಗಲಿಲ್ಲ. ಬಾಗಿಲು ಮುಚ್ಚಿತು. ಆಮೇಲೆ ಚಿಲಕ ಬಿತ್ತು.

ನಾವಿಬ್ಬರೂ ಹೊರಗೆ ನಿಂತೆವು. ಕಂಬಿ ಕಿರ್ರೆಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ತಾಯಿಯ ಕೈ ತಾನಾಗಿ ಬಾಗಿಲ ಮೇಲೆ ಹೋಯಿತು. ದೂರದಲ್ಲಿ, ಊರ ಬಾಗಿಲ ಅರಳೀಮರದ ಹತ್ತಿರ, ಕಂಪನಿ ಬಸ್ಸಿನ ಹಾರ್ನ್ ಕೇಳಿಸಿತು.

"ಬರ್ಲಾ ಮಗಾ?"

"ಬೇಡಮ್ಮಾ. ಬಸ್ಸು ಬಂತು. ನೀನ್ ಹೋಗು."

ತಾಯಿ ನನ್ನ ಮುಖ ನೋಡಿದರು. ಬಾಗಿಲು ನೋಡಿದರು. ಅವರ ಕಣ್ಣು ತುಂಬಿತ್ತು, ನನ್ನದೂ. ಎಷ್ಟೋ ವರ್ಷ ಅವಳನ್ನು ಎತ್ತಿ ಎತ್ತಿ ಅಭ್ಯಾಸವಾಗಿದ್ದ ಆ ಕೈಗಳು ಏನು ಮಾಡಬೇಕೋ ತಿಳಿಯದೆ ಊಟದ ಚೀಲವನ್ನು ಎದೆಗೆ ಅವಚಿಕೊಂಡವು. ಮತ್ತೊಂದು ಹಾರ್ನ್ ಆಯಿತು. ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ಬಸ್ಸಿನ ಕಡೆ ಓಡಿದರು.

ಒಳಗೆ ನಲ್ಲಿ ತಿರುಗಿತು. ನೀರು ಬಿದ್ದ ಸದ್ದು.

"ಅಮ್ಮ ಹೋದ್ಲಾ ಅಕ್ಕ?"

"ಹೋದ್ರು ಕಣೇ."

"ಹಂಗಾದ್ರೆ ನೀವೂ ಹೋಗಿ."